ನಿಮ್ಮ ಮೈಕ್ ನಿಮಗೆ ಕೇಳಿಸುವುದಿಲ್ಲ

ಕಳೆದ ತಿಂಗಳು ಒಬ್ಬ ಇಂಜಿನಿಯರಿಂಗ್ ಹುಡುಗ ನನ್ನ ರಿಪೇರಿ ಅಂಗಡಿಗೆ ಬಂದ. ಕೈಯಲ್ಲಿ ಹೊಸ ಬ್ಲೂಟೂತ್ ಹೆಡ್‌ಫೋನ್. "ಅಣ್ಣಾ, ಹಾಡು ಸೂಪರಾಗಿ ಕೇಳ್ಸುತ್ತೆ. ಗೇಮಲ್ಲಿ ಫ್ರೆಂಡ್ಸ್ ಜೊತೆ ಮಾತಾಡೋಕೆ ಶುರು ಮಾಡಿದ್ರೆ ಸಾಕು, ಎಲ್ಲಾ ಡಬ್ಬದೊಳಗಿಂದ ಬಂದಂಗೆ ಆಗುತ್ತೆ. ಸ್ಪೀಕರ್ ಹೋಗಿದ್ಯಾ?" ಎಂದ.

ಸ್ಪೀಕರ್ ಸರಿಯಾಗಿಯೇ ಇತ್ತು. ಇದೇ ದೂರು ಹೊತ್ತು ಬರುವವರು ತುಂಬಾ ಜನ ಇದ್ದಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಫೋನ್ ಮಾತಿಗೆ ಇನ್ನೊಂದು ದಾರಿ. ಹಾಡಿನ ದಾರಿಯ ಹೆಸರು ಎ2ಡಿಪಿ. ಅದರಲ್ಲಿ ಸ್ಟೀರಿಯೋ ಧ್ವನಿ ಚೆನ್ನಾಗಿ ಬರುತ್ತದೆ, ಆದರೆ ಅದು ಒಮ್ಮುಖ ರಸ್ತೆ. ಲ್ಯಾಪ್‌ಟಾಪಿನಿಂದ ಕಿವಿಗೆ ಮಾತ್ರ. ನೀವು ಮೈಕ್ ಆನ್ ಮಾಡಿದ ಕೂಡಲೇ ಹೆಡ್‌ಫೋನ್ 'ಹ್ಯಾಂಡ್ಸ್-ಫ್ರೀ' ಎಂಬ ಎರಡನೇ ದಾರಿಗೆ ಇಳಿಯುತ್ತದೆ. ಅಲ್ಲಿ ಎರಡೂ ಕಡೆ ಮಾತು ಹೋಗಬೇಕು. ಅದಕ್ಕೇ ಧ್ವನಿಯನ್ನು ಹಿಂಡಿ ಕಳಿಸುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಧ್ವನಿಯ ಅಳತೆ, ಇದ್ದರೆ ಇಲ್ಲಿ ಸಾಮಾನ್ಯವಾಗಿ 8,000 ಅಥವಾ 16,000. ಸ್ಟೀರಿಯೋ ಹೋಗಿ ಮೋನೋ ಆಗುತ್ತದೆ. ಅಂದರೆ ಶತ್ರುವಿನ ಹೆಜ್ಜೆ ಎಡಗಡೆಯೋ ಬಲಗಡೆಯೋ ಗೊತ್ತಾಗುವುದೇ ಇಲ್ಲ.

ಆ ಹುಡುಗನಿಗೆ ಖರ್ಚಿಲ್ಲದ ದಾರಿ ಒಂದಿತ್ತು. ಗೇಮಿನ ಸೆಟ್ಟಿಂಗ್ಸಿನಲ್ಲಿ ಇನ್‌ಪುಟ್ ಜಾಗದಲ್ಲಿ ಹೆಡ್‌ಫೋನಿನ ಮೈಕ್ ತೆಗೆದು ಲ್ಯಾಪ್‌ಟಾಪಿನ ಸ್ವಂತ ಮೈಕ್ ಆರಿಸಿದೆವು. ಹೆಡ್‌ಫೋನ್ ಹಾಡಿನ ದಾರಿಯಲ್ಲೇ ಉಳಿಯಿತು, ಧ್ವನಿ ಮೊದಲಿನಂತಾಯಿತು. ಆದರೆ ಲ್ಯಾಪ್‌ಟಾಪಿನ ಮೈಕ್ ಕೀಬೋರ್ಡಿಗೆ ಹತ್ತಿರವೇ ಇರುತ್ತದೆ, ಅಲ್ವಾ? ಟಕಟಕ ಸದ್ದು, ಫ್ಯಾನಿನ ಗಾಳಿ, ಎಲ್ಲವೂ ಗೆಳೆಯರ ಕಿವಿಗೆ ಹೋಗುತ್ತದೆ. ಎಲ್ಇ ಆಡಿಯೋ ಎಂಬ ಹೊಸ ಬ್ಲೂಟೂತ್ ವ್ಯವಸ್ಥೆ ಈ ತೊಂದರೆಯನ್ನು ನೀಗಿಸಬಲ್ಲದು. ಆದರೆ ಅದು ಹೆಡ್‌ಫೋನಿನಲ್ಲೂ ಇರಬೇಕು, ಲ್ಯಾಪ್‌ಟಾಪಿನಲ್ಲೂ ಇರಬೇಕು. ಕಡಿಮೆ ಬೆಲೆಯಲ್ಲಿ ಕೊಳ್ಳುವವರು ಸದ್ಯಕ್ಕೆ ಅದನ್ನು ನಂಬಿಕೊಳ್ಳುವುದು ಬೇಡ.

ತಡ ಇನ್ನೊಂದು ಸಮಸ್ಯೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಧ್ವನಿ 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ. ಯಾಕೆಂದರೆ ಪ್ಲೇಯರ್ ಆ ತಡವನ್ನು ಲೆಕ್ಕ ಹಾಕಿ ಚಿತ್ರವನ್ನೂ ಅಷ್ಟೇ ಹಿಂದಕ್ಕೆ ಹಿಡಿಯುತ್ತದೆ. ಗೇಮ್ ಹಾಗೆ ಕಾಯಲು ಆಗುವುದಿಲ್ಲ. ನೀವು ಗುಂಡು ಹಾರಿಸಿದ ಮೇಲೆ ಸದ್ದು ನಿಧಾನವಾಗಿ ಬರುತ್ತದೆ. 'ಗೇಮಿಂಗ್ ಮೋಡ್' ಹಾಕಿದರೆ ತಡ ಕಡಿಮೆಯಾಗುತ್ತದೆ, ಮೈಕಿನ ಕಥೆ ಮಾತ್ರ ಹಾಗೇ ಇರುತ್ತದೆ. ವೈರ್ ಬೇಡವೇ ಬೇಡ ಎನ್ನುವವರು ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ ನೋಡಬೇಕು. ಅದಕ್ಕೆ ದುಡ್ಡು ಜಾಸ್ತಿ. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಇರುವವರಿಗೆ ಒಂದು ಮಾತು: ಅವು ಸಾಮಾನ್ಯ ಬ್ಲೂಟೂತ್ ಹೆಡ್‌ಫೋನನ್ನು ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ಆದರೆ ಈಗಿನ ಕಂಟ್ರೋಲರಿನಲ್ಲಿ 3.5 ಎಂಎಂ ತೂತು ಇದೆ, ವೈರ್ ಇರುವುದನ್ನು ಅಲ್ಲಿಗೇ ಚುಚ್ಚಬಹುದು.

ಹಾಗಾಗಿ ಎರಡು ಮೂರು ಸಾವಿರದೊಳಗೆ ಗೇಮ್, ಸಿನಿಮಾ, ಮಾತು ಮೂರಕ್ಕೂ ಒಂದೇ ಬೇಕು ಎಂದರೆ ನಾನು ವೈರ್ ಇರುವುದನ್ನೇ ಹೇಳುತ್ತೇನೆ.

ಈಗ ಮೈಕ್. ಅಂಗಡಿಗೆ ಬಂದವರು ಹೆಡ್‌ಸೆಟ್ ತಲೆಗೆ ಹಾಕಿ, ಒಂದು ಹಾಡು ಹಚ್ಚಿ, ಬೇಸ್ ಹೇಗಿದೆ ಎಂದು ನೋಡುತ್ತಾರೆ. ಮೈಕ್ ಪರೀಕ್ಷೆ ಮಾಡುವವರು ಬೆರಳೆಣಿಕೆಯಷ್ಟು. ನಿಮ್ಮ ಮೈಕ್ ನಿಮಗೆ ಕೇಳಿಸುವುದಿಲ್ಲ, ಅದಕ್ಕೇ ಯಾರಿಗೂ ಅದರ ನೆನಪಾಗುವುದಿಲ್ಲ. ಮೈಕ್ ಕೆಟ್ಟದ್ದಾದರೆ ಕಷ್ಟ ಪಡುವವರು ಆಚೆ ಕಡೆ ಇರುವ ನಾಲ್ಕು ಜನ. ಅವರು ಒಂದೆರಡು ದಿನ ಹೇಳುತ್ತಾರೆ, ಆಮೇಲೆ ಸುಮ್ನೆ ನಿಮ್ಮನ್ನು ಮ್ಯೂಟ್ ಮಾಡುತ್ತಾರೆ.

ಪರೀಕ್ಷೆ ಸುಲಭ. ಹೆಡ್‌ಸೆಟ್ಟನ್ನು ನಿಮ್ಮ ಫೋನಿಗೆ ಚುಚ್ಚಿ. ಫೋನಿನಲ್ಲಿ ತೂತು ಇಲ್ಲದಿದ್ದರೆ ಟೈಪ್-ಸಿ ಕನ್ವರ್ಟರ್ ಹಾಕಿ. ವಾಯ್ಸ್ ರೆಕಾರ್ಡರ್ ತೆರೆದು ಅರ್ಧ ನಿಮಿಷ ಮಾತಾಡಿ. ನಾನು ಎಲ್ಲರಿಗೂ "ಪಪ್ಪಾಯ, ಸಾಸಿವೆ" ಎಂದು ಎರಡು ಮೂರು ಸಲ ಹೇಳಿಸುತ್ತೇನೆ. 'ಪ' ಹೇಳಿದಾಗ ಬುಸ್ ಎಂದು ಗಾಳಿ ಬಡಿಯುತ್ತದೆಯೇ, 'ಸ' ಹೇಳಿದಾಗ ಕಿವಿಗೆ ಚುಚ್ಚುತ್ತದೆಯೇ, ಕೇಳಿ ನೋಡಿ. ಆಮೇಲೆ ಸುಮ್ಮನಿದ್ದು ಐದು ಸೆಕೆಂಡ್ ರೆಕಾರ್ಡ್ ಮಾಡಿ. 'ಸೋ' ಎಂಬ ಸದ್ದು ಎಷ್ಟಿದೆ ಎಂದು ತಿಳಿಯುತ್ತದೆ. ಗಾಳಿ ಬಡಿದರೆ ಅದು ಮೈಕಿನ ತಪ್ಪೇ ಇರಬೇಕೆಂದಿಲ್ಲ. ಮೈಕ್ ಬಾಯಿಯ ಎದುರಿಗೆ ಇರಬಾರದು. ತುಟಿಯ ಅಂಚಿನಿಂದ ಎರಡು ಬೆರಳಷ್ಟು ದೂರ, ಸ್ವಲ್ಪ ಪಕ್ಕಕ್ಕೆ ಇರಬೇಕು.

ಕಡ್ಡಿಯಂತೆ ಮುಂದೆ ಬರುವ ಮೈಕ್ ನೋಡಲು ಚೆಂದ ಕಾಣುವುದಿಲ್ಲ ಎಂದು ಕೆಲವರಿಗೆ ಬೇಸರ. ಆದರೆ ಕಡಿಮೆ ಬೆಲೆಯಲ್ಲಿ ಮಾತು ಸ್ಪಷ್ಟವಾಗಿ ಹೋಗಬೇಕಾದರೆ ಮೈಕ್ ಬಾಯಿಗೆ ಹತ್ತಿರ ಇರಲೇಬೇಕು. ವೈರಿನಲ್ಲಿ ನೇತಾಡುವ ಮೈಕ್ ಅಂಗಿಯ ಕಾಲರಿಗೆ ಉಜ್ಜುತ್ತಾ ಇರುತ್ತದೆ.

ಪೆಟ್ಟಿಗೆಯ ಮೇಲಿನ ಎರಡು ಪದಗಳು ತುಂಬಾ ಜನರನ್ನು ಗೊಂದಲಕ್ಕೆ ತಳ್ಳುತ್ತವೆ. ಎಎನ್‌ಸಿ ಎಂದರೆ ಹೊರಗಿನ ಸದ್ದು ನಿಮ್ಮ ಕಿವಿಗೆ ಬರದಂತೆ ತಡೆಯುವುದು. ಇಎನ್‌ಸಿ ಎಂದರೆ ನಿಮ್ಮ ಸುತ್ತಲಿನ ಸದ್ದು ಆಚೆ ಕಡೆಯವರಿಗೆ ಹೋಗದಂತೆ ತಡೆಯುವುದು. ಇಎನ್‌ಸಿ ಎಂದು ಬರೆದದ್ದನ್ನು ತಂದು "ಮನೆ ಗಲಾಟೆ ಕೇಳ್ತಾನೇ ಇದೆ ಸಾರ್" ಎನ್ನುವವರು ಇದ್ದಾರೆ. ಕಂಪ್ಯೂಟರಿನಲ್ಲಿ ಗೆಳೆಯರ ಜೊತೆ ಮಾತಾಡಲು ಡಿಸ್ಕಾರ್ಡ್ ಆ್ಯಪ್ ಬಳಸುವವರಿಗೆ ಇಎನ್‌ಸಿಗೆಂದು ಬೇರೆ ದುಡ್ಡು ಬೇಕಿಲ್ಲ. ಅದರಲ್ಲೇ ಕ್ರಿಸ್ಪ್ ಎಂಬ ನಾಯ್ಸ್ ಸಪ್ರೆಶನ್ ಇದೆ, ಫ್ಯಾನಿನ ಸದ್ದನ್ನು ಚೆನ್ನಾಗಿ ತೆಗೆಯುತ್ತದೆ.

ಇನ್ನು ಪಿನ್. ಹೆಡ್‌ಸೆಟ್ಟಿನ ಪಿನ್ ಮೇಲೆ ಕಪ್ಪು ಗೆರೆಗಳನ್ನು ಎಣಿಸಿ. ಮೂರು ಗೆರೆ ಇದ್ದರೆ ಒಂದೇ ಪಿನ್ನಿನಲ್ಲಿ ಧ್ವನಿಯೂ ಇದೆ, ಮೈಕೂ ಇದೆ. ಫೋನ್, ಈಗಿನ ಲ್ಯಾಪ್‌ಟಾಪ್, ಕಂಟ್ರೋಲರಿಗೆ ಇದು ಸರಿ. ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಹಸಿರು, ಗುಲಾಬಿ ಎಂದು ಎರಡು ಬೇರೆ ತೂತು ಇರುತ್ತವೆ. ಹಸಿರಿಗೆ ಚುಚ್ಚಿದರೆ ಧ್ವನಿ ಬರುತ್ತದೆ, ಮೈಕ್ ಸತ್ತಂತೆ ಇರುತ್ತದೆ. 'ಮೈಕ್ ಹೋಗಿದೆ' ಎಂದು ನನ್ನ ಬಳಿ ಬಂದ ಎಷ್ಟೋ ಹೆಡ್‌ಸೆಟ್ಟುಗಳಿಗೆ ಬೇಕಾಗಿದ್ದದ್ದು ಧ್ವನಿ, ಮೈಕ್ ಎರಡನ್ನೂ ಬೇರೆ ಪಿನ್ನಿಗೆ ಒಡೆಯುವ ಒಂದು ಸಣ್ಣ ಸ್ಪ್ಲಿಟರ್ ಕೇಬಲ್ ಅಷ್ಟೇ. ಬಹಳಷ್ಟು ಸಲ ಅದು ಪೆಟ್ಟಿಗೆಯೊಳಗೇ ಇರುತ್ತದೆ, ಕವರ್ ಜೊತೆ ಎಸೆದಿರುತ್ತಾರೆ.

ಯುಎಸ್‌ಬಿ ಹೆಡ್‌ಸೆಟ್ಟಿಗೆ ಈ ರಗಳೆ ಇಲ್ಲ. ಆದರೆ ಒಂದು ಎಚ್ಚರಿಕೆ. ಕೆಲವು ಅಗ್ಗದ ಹೆಡ್‌ಸೆಟ್ಟುಗಳಲ್ಲಿ 3.5 ಎಂಎಂ ಪಿನ್ ಜೊತೆ ಯುಎಸ್‌ಬಿ ವೈರೂ ಇರುತ್ತದೆ. ಅದು ಬರೀ ಬಣ್ಣದ ದೀಪಕ್ಕೆ ಕರೆಂಟ್ ಕೊಡಲು. ಧ್ವನಿಗೂ ಅದಕ್ಕೂ ಸಂಬಂಧವಿಲ್ಲ. ಒಂದೇ ಬೆಲೆಯ ಎರಡು ಹೆಡ್‌ಸೆಟ್ ಎದುರಿಗಿದ್ದರೆ ದೀಪ ಇಲ್ಲದ್ದನ್ನು ತೆಗೆದುಕೊಳ್ಳಿ. ದೀಪದ ದುಡ್ಡು ಸ್ಪೀಕರಿಗೋ ಮೈಕಿಗೋ ಹೋಗಿರುವ ಸಾಧ್ಯತೆ ಜಾಸ್ತಿ.

ಸುತ್ತಲೂ ಎಂಟು ಸ್ಪೀಕರ್ ಇದ್ದಂತೆ ಎಂಬ ಅರ್ಥದಲ್ಲಿ '7.1' ಎಂದು ದೊಡ್ಡದಾಗಿ ಬರೆದಿದ್ದರೂ ಸಾಮಾನ್ಯವಾಗಿ ಒಳಗೆ ಇರುವುದು ಎರಡೇ ಸ್ಪೀಕರ್. ಉಳಿದದ್ದು ಸಾಫ್ಟ್‌ವೇರಿನ ಕೆಲಸ. ಅಂಥದ್ದು ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಸೋನಿಕ್ ಎಂಬ ಹೆಸರಲ್ಲಿ ಪುಕ್ಕಟೆ ಸಿಗುತ್ತದೆ. ವ್ಯಾಲೊರಂಟ್‌ನಂಥ ಗೇಮಿನಲ್ಲಿ ಸದ್ದಿನ ದಿಕ್ಕು ತಿಳಿಸುವ ಹೆಚ್‌ಆರ್‌ಟಿಎಫ್ ಎಂಬ ಸ್ವಂತ ಆಯ್ಕೆಯೇ ಇದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ, ದಿಕ್ಕು ಕಲಸಿಹೋಗುತ್ತದೆ. ಡ್ರೈವರ್ ಎಂದರೆ ಒಳಗಿನ ಸ್ಪೀಕರ್; 50 ಎಂಎಂ ಡ್ರೈವರ್ 40 ಎಂಎಂಗಿಂತ ಒಳ್ಳೆಯದೇ ಆಗಿರಬೇಕೆಂದೇನೂ ಇಲ್ಲ.

ಸಿನಿಮಾ ನೋಡುವವರ ಮುಖ್ಯ ದೂರು ಮಾತು ಕೇಳಿಸುವುದಿಲ್ಲ, ಫೈಟ್ ಬಂದಾಗ ಕಿವಿ ಒಡೆಯುತ್ತದೆ ಎಂಬುದು. ಇದಕ್ಕೆ ಹೊಸ ಹೆಡ್‌ಸೆಟ್ ಬೇಕಿಲ್ಲ. ಆರು ಸ್ಪೀಕರಿಗೆಂದು ಮಾಡಿದ 5.1 ಟ್ರ್ಯಾಕಿನಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಲ್ಲಿರುತ್ತದೆ. ಅದನ್ನು ಎರಡು ಕಿವಿಗೆ ಇಳಿಸುವಾಗ ಮಾತು ಸಣ್ಣದಾಗಬಹುದು. ಆಡಿಯೋ ಆಯ್ಕೆಯಲ್ಲಿ ಸ್ಟೀರಿಯೋ ಇದ್ದರೆ ಅದನ್ನು ಹಾಕಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸಿನಲ್ಲಿ ಲೌಡ್‌ನೆಸ್ ಈಕ್ವಲೈಸೇಶನ್ ಇದ್ದರೆ ರಾತ್ರಿ ಸಿನಿಮಾಕ್ಕೆ ಅದೂ ಒಳ್ಳೆಯದು. ಗೇಮ್ ಆಡುವಾಗ ತೆಗೆದುಬಿಡಿ. ದೂರದ ಸದ್ದೂ ಹತ್ತಿರದ ಸದ್ದೂ ಒಂದೇ ಸಮ ಆಗಿಬಿಡುತ್ತದೆ.

ನನ್ನ ಟೇಬಲ್ಲಿಗೆ ಬರುವ ಹೆಡ್‌ಸೆಟ್ಟುಗಳು ಹೆಚ್ಚಾಗಿ ಮುರಿಯುವುದು ಮೂರು ಕಡೆ. ವೈರ್ ಪಿನ್ನಿಗೆ ಸೇರುವ ಜಾಗ, ವೈರ್ ಕಿವಿಯ ಬಟ್ಟಲಿಗೆ ಹೋಗುವ ಜಾಗ, ತಲೆಯ ಪಟ್ಟಿಯನ್ನು ಉದ್ದ ಮಾಡುವ ಪ್ಲಾಸ್ಟಿಕ್ ಜಾರುಗಂಬಿ. ಕೊಳ್ಳುವ ಮೊದಲು ಈ ಮೂರನ್ನು ಬೆರಳಿನಿಂದ ಮುಟ್ಟಿ ನೋಡಿ. ಪಿನ್ ಹೋದರೆ ಹೊಸದು ಬೆಸುಗೆ ಹಾಕಿಕೊಡುತ್ತೇನೆ, ಹತ್ತು ಹದಿನೈದು ನಿಮಿಷದ ಕೆಲಸ. ವೈರನ್ನೇ ಕಳಚಿ ಬದಲಿಸುವಂತಿದ್ದರೆ ಇನ್ನೂ ಒಳ್ಳೆಯದು. ಜಾರುಗಂಬಿ ಮುರಿದರೆ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ. ಒಳಗೆ ಲೋಹದ ಪಟ್ಟಿ ಇರುವುದನ್ನೇ ಹುಡುಕಿ.

ನಮ್ಮ ಶಿವಮೊಗ್ಗದ ಮಳೆಗಾಲಕ್ಕೆ ಕೃತಕ ಚರ್ಮದ ಪ್ಯಾಡ್ ಸಿಪ್ಪೆ ಏಳುತ್ತದೆ. ತೇವ ಮತ್ತು ಬೆವರು ಅದನ್ನು ಒಳಗಿನಿಂದ ತಿನ್ನುತ್ತವೆ, ಕಿವಿ ತುಂಬಾ ಕಪ್ಪು ಪುಡಿ. ಬಟ್ಟೆಯ ಪ್ಯಾಡ್ ಹೆಚ್ಚು ದಿನ ಬರುತ್ತದೆ. ಆದರೆ ಹೊರಗಿನ ಸದ್ದನ್ನು ಅಷ್ಟು ತಡೆಯುವುದಿಲ್ಲ. ಪ್ಯಾಡ್ ಗುಂಡಗಿದ್ದರೆ ಬದಲಿ ಸಿಗುವುದು ಸುಲಭ. ವಿಚಿತ್ರ ಆಕಾರದ್ದಾದರೆ ಹುಡುಕಿ ಸುಸ್ತಾಗುತ್ತೀರಿ. ಕನ್ನಡಕ ಹಾಕುವವರು ಕನ್ನಡಕದ ಸಮೇತ ಹತ್ತು ನಿಮಿಷ ಹಾಕಿ ಕೂರಬೇಕು. ತೂಕ 300 ಗ್ರಾಂ ದಾಟಿದರೆ ಮೂರು ಗಂಟೆಯ ಆಟಕ್ಕೆ ಕತ್ತು ನೋಯಬಹುದು. ರೇಜರ್ ಬ್ಲ್ಯಾಕ್‌ಶಾರ್ಕ್ ವಿ2 ಎಕ್ಸ್, ಲಾಜಿಟೆಕ್ ಜಿ335 ಎರಡೂ 240 ಗ್ರಾಂ ಇವೆ, ಎರಡಕ್ಕೂ 3.5 ಎಂಎಂ ಪಿನ್. ಸ್ವಲ್ಪ ಹೆಚ್ಚು ದುಡ್ಡು ಹಾಕಬಲ್ಲವರು ಹಬ್ಬದ ಸೇಲಿನಲ್ಲಿ ಇವುಗಳ ಮೇಲೆ ಕಣ್ಣಿಡಬಹುದು.

ಸಾವಿರದೊಳಗೆ ಮಾತ್ರ ಕೈಯಲ್ಲಿದ್ದರೆ ದೊಡ್ಡ ಹೆಡ್‌ಸೆಟ್ ಬೇಡ. ಆ ಬೆಲೆಯಲ್ಲಿ ಒಳ್ಳೆಯ ವೈರ್ ಇಯರ್‌ಫೋನ್ ಸಿಗುತ್ತದೆ, ಹೆಜ್ಜೆ ಸದ್ದು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಮಾತಿಗೆ ಬೇಕಿದ್ದರೆ ಮುಂದೆ ಒಂದು ಯುಎಸ್‌ಬಿ ಕಾಲರ್ ಮೈಕ್ ಸೇರಿಸಿಕೊಳ್ಳಿ.

ಮನೆಯಲ್ಲಿ ಮಕ್ಕಳು ಬಳಸುವುದಾದರೆ ವಾಲ್ಯೂಮಿನ ಕಡೆ ದಯವಿಟ್ಟು ಗಮನ ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಸುರಕ್ಷಿತ. 90 ಡೆಸಿಬೆಲ್‌ಗೆ ಏರಿಸಿದರೆ ಅದು ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಅದೇ 40 ಗಂಟೆಗೆ ಮಕ್ಕಳಿಗೆ ಮಿತಿ 75 ಡೆಸಿಬೆಲ್. ಕಿವಿಯನ್ನು ಪೂರ್ತಿ ಮುಚ್ಚುವ ಪ್ಯಾಡ್ ಇದ್ದರೆ ಹೊರಗಿನ ಸದ್ದು ಕಡಿಮೆಯಾಗಿ, ಸಣ್ಣ ವಾಲ್ಯೂಮಿನಲ್ಲೇ ಎಲ್ಲ ಕೇಳುತ್ತದೆ.

ಹೋದ ಶನಿವಾರ ಅದೇ ಹುಡುಗ ಮತ್ತೆ ಬಂದ. ಬ್ಲೂಟೂತ್ ಹೆಡ್‌ಫೋನ್ ಹಾಡಿಗೆ, ಸಿನಿಮಾಕ್ಕೆ ಇಟ್ಟುಕೊಂಡಿದ್ದಾನಂತೆ. ಗೇಮಿಗೆಂದು 1,800 ರೂಪಾಯಿ ಕೂಡಿಸಿದ್ದ. ಪಕ್ಕದ ಅಂಗಡಿಯಿಂದ ಎರಡು ಹೆಡ್‌ಸೆಟ್ ತಂದು ನನ್ನ ಟೇಬಲ್ ಮೇಲಿಟ್ಟ. ನಾನು ಏನೂ ಹೇಳುವ ಮೊದಲೇ ಫೋನಿಗೆ ಚುಚ್ಚಿ ರೆಕಾರ್ಡರ್ ತೆರೆದು "ಪಪ್ಪಾಯ, ಸಾಸಿವೆ" ಎಂದ. ಎರಡರಲ್ಲೂ ಹೇಳಿ, ಇಬ್ಬರೂ ಕೂತು ಕೇಳಿದೆವು. ಕೆಂಪು ದೀಪದ್ದರಲ್ಲಿ 'ಸ' ಚುಚ್ಚುತ್ತಿತ್ತು. ದೀಪ ಇಲ್ಲದ್ದನ್ನು ಇಟ್ಟುಕೊಂಡು, ಇನ್ನೊಂದನ್ನು ವಾಪಸ್ ಕೊಟ್ಟು, ಜಿಎಸ್‌ಟಿ ಬಿಲ್ ಬರೆಸಿಕೊಂಡು ಹೋದ.