ಪೌಡರ್ ಹಚ್ಚಿದ ಮುಖ ಬೂದಿ ಬಳಿದಂತೆ ಕಾಣುವುದೇಕೆ?

ಪ್ರಶ್ನೆ: ನನಗೀಗ 46 ವರ್ಷ. ಬಳ್ಳಾರಿಯಿಂದ ಸಂಡೂರು ಕಡೆಯ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವ ಶಿಕ್ಷಕಿ. ಸ್ನೋ, ಪೌಡರ್, ಕಾಡಿಗೆ ಬಿಟ್ಟರೆ ಮುಖಕ್ಕೆ ಬೇರೇನೂ ಹಚ್ಚಿದವಳಲ್ಲ. ಈಚೆಗೆ ಪೌಡರ್ ಹಚ್ಚಿದರೆ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮುಖ ಬೂದಿ ಬಳಿದಂತೆ ಕಾಣುತ್ತದೆ. ಕಣ್ಣಿನ ಕೆಳಗೆ ಕಪ್ಪು, ಕೆನ್ನೆಯ ಮೇಲೆ ಭಂಗು. ಬೆಳಿಗ್ಗೆ ಡಬ್ಬಿ ಕಟ್ಟಿ ಹೊರಡುವ ಗಡಿಬಿಡಿಯಲ್ಲಿ ನನಗೆ ಸಿಗುವುದು ಹತ್ತು ನಿಮಿಷ. ಮೇಕಪ್ ಮಾಡಿಕೊಂಡಿದ್ದೇನೆ ಎಂದು ಗೊತ್ತಾಗಬಾರದು, ಆದರೆ ಮುಖ ಲಕ್ಷಣವಾಗಿರಬೇಕು. ಏನು ಮಾಡಲಿ?

ಉತ್ತರ: ಮೊದಲು ಪೌಡರ್ ಡಬ್ಬಿಯನ್ನು ಕನ್ನಡಿಯ ಮುಂದಿನಿಂದ ತೆಗೆದಿಡಿ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅದರಲ್ಲೇ ಇದೆ.

ಪೌಡರಿನಲ್ಲಿರುವ ಟಾಲ್ಕ್ ಬಿಳಿಯ ಖನಿಜ. ಮುಖದ ಎಣ್ಣೆಯನ್ನೂ ಬೆವರನ್ನೂ ಹೀರುವುದು ಅದರ ಗುಣ. ಇಪ್ಪತ್ತರ ಹರೆಯದಲ್ಲಿ ಚರ್ಮದಲ್ಲಿ ಎಣ್ಣೆ ಸಾಕಷ್ಟಿರುವುದರಿಂದ ಪೌಡರ್ ಅದರಲ್ಲಿ ಬೆರೆತುಹೋಗುತ್ತದೆ. ನಮ್ಮ ದೇಶದ ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46–47. ಅದಕ್ಕೆ ಕೆಲವು ವರ್ಷ ಮೊದಲೇ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಏರುಪೇರಾಗಿ ಇಳಿಯತೊಡಗುತ್ತದೆ, ಚರ್ಮ ಒಣಗುತ್ತದೆ, ತೆಳುವಾಗುತ್ತದೆ. ಆಗ ಪೌಡರ್ ಬೆರೆಯಲು ಜಾಗವಿಲ್ಲದೆ ಸಣ್ಣ ಗೆರೆಗಳಲ್ಲಿ ಕೂರುತ್ತದೆ. ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದ ಮೇಲೆ ಬಿಳಿ ಪುಡಿ ನಿಂತರೆ ಕಾಣುವುದು ಬೂದಿಯೇ. ಇದು ನಿಮ್ಮ ಬಣ್ಣದ ದೋಷವಲ್ಲ, ವಯಸ್ಸಿನ ಶಿಕ್ಷೆಯೂ ಅಲ್ಲ. ಚರ್ಮ ಈಗ ಕೇಳುತ್ತಿರುವುದು ಪುಡಿಯನ್ನಲ್ಲ, ಪಸೆಯನ್ನು.

ಮುಖ ತೊಳೆದು ಒರೆಸಿಕೊಂಡು, ಇನ್ನೂ ತುಸು ಒದ್ದೆಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಸೀರೆಯ ನೆರಿಗೆ ಹಿಡಿಯುವಷ್ಟು ಹೊತ್ತು ಬಿಡಿ, ಅದು ಇಂಗಲಿ. ಆಮೇಲೆ ಸನ್‌ಸ್ಕ್ರೀನ್. ಬಳ್ಳಾರಿಯ ಬಿಸಿಲನ್ನು ನಿಮಗೆ ನಾನು ವಿವರಿಸಬೇಕಿಲ್ಲ. ಆದರೆ ಬಸ್ಸಿನ ಕಿಟಕಿಯ ಗಾಜು ಮುಚ್ಚಿದ್ದರೂ ಭಂಗನ್ನು ಕೆದಕುವ, ಬಿಸಿಲಿನಲ್ಲಿರುವ ಯುವಿ-ಎ ಕಿರಣ ಅದರ ಮೂಲಕ ಒಳಗೆ ಬರುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಟ್ಯೂಬಿನ ಮೇಲೆ ಬರೆದಿರುವ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆ, 30 ಅಥವಾ ಅದಕ್ಕಿಂತ ಹೆಚ್ಚು ಇರಲಿ. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುಗಳ ಉದ್ದಕ್ಕೆ ಎಳೆದಷ್ಟು ಬೇಕು.

ಇಲ್ಲಿ ಒಂದು ಮುಖ್ಯ ಮಾತು. ಕಣ್ಣಿಗೆ ಕಾಣುವ ಬೆಳಕೂ ಭಂಗನ್ನು ಗಾಢವಾಗಿಸುತ್ತದೆ, ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯುವುದು ಕಡಿಮೆ. ತಡೆಯುವುದು ಕಬ್ಬಿಣದ ಆಕ್ಸೈಡ್, ಸಂಡೂರಿನ ಮಣ್ಣಿಗೆ ಕೆಂಪು ಕೊಟ್ಟಿರುವ ಅದೇ ವಸ್ತು. ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್‌ಗಳಿಗೆ ಬಣ್ಣ ಬರುವುದೇ ಅದರಿಂದ. ಆದ್ದರಿಂದ ನಿಮ್ಮಂಥವರಿಗೆ ನಾನು ಫೌಂಡೇಶನ್ ಹೇಳುವುದಿಲ್ಲ. ಹಣವಿದ್ದರೆ ಈ ಒಂದು ಟ್ಯೂಬಿಗೆ ಹಾಕಿ. ಬಿಸಿಲಿಗೂ ಆಯಿತು, ಭಂಗಿನ ಮೇಲೊಂದು ತೆಳು ಮುಸುಕೂ ಆಯಿತು.

ಆದರೆ ಬಣ್ಣ ಹೊಂದಬೇಕು. ಅಂಗಡಿಯಲ್ಲಿ ಮುಂಗೈಗೆ ಹಚ್ಚಿ ತೋರಿಸುತ್ತಾರೆ, ಒಪ್ಪಬೇಡಿ. ಕೈಯ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ಕಿವಿಯ ಕೆಳಗೆ, ದವಡೆಯ ಅಂಚಿನಲ್ಲಿ ಎರಡು ಮೂರು ಬಣ್ಣಗಳ ಸಣ್ಣ ಗೆರೆ ಎಳೆದುಕೊಳ್ಳಿ. ಟ್ಯೂಬ್‌ಲೈಟಿನ ಕೆಳಗೆ ನಿರ್ಧರಿಸದೆ ಬೆಂಗಳೂರು ರಸ್ತೆಗೆ ಇಳಿದು, ಹತ್ತು ನಿಮಿಷ ಬಿಟ್ಟು, ಹಗಲ ಬೆಳಕಿನಲ್ಲಿ ಮೊಬೈಲಿನಲ್ಲಿ ನೋಡಿಕೊಳ್ಳಿ. ಗಾಳಿ ತಾಗಿದ ಮೇಲೆ ಕೆಲವು ಬಣ್ಣಗಳು ಗಾಢವಾಗುತ್ತವೆ. ಯಾವ ಗೆರೆ ಹುಡುಕಿದರೂ ಸಿಗುವುದಿಲ್ಲವೋ ಅದೇ ನಿಮ್ಮದು. ಗುಲಾಬಿ ಛಾಯೆಯದು ನಮ್ಮ ಚರ್ಮದ ಮೇಲೆ ಬಹಳ ಸಲ ಬೂದಿಯಾಗಿಯೇ ಕಾಣುತ್ತದೆ, ಹಳದಿ ಛಾಯೆಯದು ಹೊಂದುತ್ತದೆ. ಒಂದು ಬಣ್ಣ ಬೆಳ್ಳಗಿದ್ದರೆ ಚೆನ್ನ ಎಂದು ಅಂಗಡಿಯವರು ಹೇಳಿದರೆ ನಮಸ್ಕಾರ ಹೇಳಿ ಹೊರಡಿ. ಶುಕ್ರವಾರ ಅರಿಶಿನ ಹಚ್ಚುವ ರೂಢಿಯಿದ್ದರೆ ಅಂದು ಮುಖದ ನಿಜವಾದ ಬಣ್ಣ ತಿಳಿಯದು, ಈ ಖರೀದಿ ಬೇಡ.

ಕಣ್ಣಿನ ಕೆಳಗಿನ ಕಪ್ಪಿಗೆ ಕಿತ್ತಳೆ ಛಾಯೆಯ ಕನ್ಸೀಲರ್, ಅಂದರೆ ಕಲೆ ಮರೆಸುವ ಕ್ರೀಮು, ಸಾಸಿವೆ ಕಾಳಿನಷ್ಟು ಸಾಕು. ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿಟ್ಟು ಉಂಗುರದ ಬೆರಳಿನಿಂದ ತಟ್ಟಿ, ತಿಕ್ಕಬೇಡಿ. ಅದರ ಮೇಲೆ ಪೌಡರ್ ಬೇಡವೇ ಬೇಡ. ಹುಬ್ಬು ಈ ವಯಸ್ಸಿನಲ್ಲಿ ತುದಿಯಲ್ಲಿ ತೆಳುವಾಗುತ್ತದೆ, ಕಪ್ಪುಗಂದು ಪೆನ್ಸಿಲಿನಲ್ಲಿ ಕೂದಲಿನಂಥ ಸಣ್ಣ ಗೆರೆ ಎಳೆಯಿರಿ. ಕಾಡಿಗೆ ಕೆಳರೆಪ್ಪೆಗೆ ಹಚ್ಚಿದರೆ ಬೆವರಿಗೆ ಇಳಿದು ಕಪ್ಪಿಗೆ ಕಪ್ಪು ಸೇರುತ್ತದೆ. ಮೇಲಿನ ರೆಪ್ಪೆಗೂದಲಿನ ಬುಡಕ್ಕೆ ಹಚ್ಚಿ ನೋಡಿ, ಕಣ್ಣು ತೆರೆದುಕೊಳ್ಳುತ್ತದೆ. ಜಾತ್ರೆಯಲ್ಲಿ ಬಿಡಿಯಾಗಿ ಸಿಗುವ ಸುರ್ಮಾದಲ್ಲಿ ಸೀಸ ಇರುವುದುಂಟು, ದೂರವಿಡಿ. ಇಟ್ಟಿಗೆ ಬಣ್ಣದ ಅಥವಾ ಕಂದುಗುಲಾಬಿ ಲಿಪ್‌ಸ್ಟಿಕ್ ತುಟಿಗೆ, ಅದರದೇ ಒಂದು ಚುಕ್ಕೆ ಕೆನ್ನೆಯ ಮೂಳೆಯ ಮೇಲೆ ಬೆರಳಿನಿಂದ ಹರಡಿ. ಇಷ್ಟಾದ ಮೇಲೂ ಪೌಡರ್ ಬೇಕೆನಿಸಿದರೆ ಮೂಗಿನ ಇಕ್ಕೆಲಕ್ಕೆ ಮಾತ್ರ ಒತ್ತಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ. ಭಂಗು ಕಂಡೊಡನೆ ಮೆಡಿಕಲ್ ಅಂಗಡಿಯಲ್ಲಿ ಒಂದು ಟ್ಯೂಬ್ ಕೇಳಿ ತರುವುದು ನಮ್ಮ ಕಡೆ ಸಾಮಾನ್ಯ. ಅಂಥ ಎಷ್ಟೋ ಕ್ರೀಮುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಮುಖ ತಿಳಿಯಾದಂತೆ ಕಂಡು ನಂಬಿಕೆ ಹುಟ್ಟುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗಿ, ಸಣ್ಣ ಕೆಂಪು ರಕ್ತನಾಳಗಳು ಕಾಣತೊಡಗಿ, ಬಿಟ್ಟರೆ ಉರಿಯುತ್ತದೆ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ವೈದ್ಯರು ಬರೆದುಕೊಡದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡದೆ ಚರ್ಮವೈದ್ಯರನ್ನು ಕೇಳಿ.

ಸ್ಟಿಕ್ಕರ್ ಬಿಂದಿ ಇಡುವವರಾದರೆ ಅದನ್ನು ತೆಗೆದ ಜಾಗವನ್ನೂ ರಾತ್ರಿ ಮುಖ ತೊಳೆಯುವಾಗ ಗಮನಿಸಿ. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕವು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಕೊಲ್ಲುತ್ತದೆ. ಅಲ್ಲಿ ತುರಿಕೆಯಾಗಲಿ ತಿಳಿಬಿಳಿ ಮಚ್ಚೆಯಾಗಲಿ ಕಂಡರೆ ಅಂದೇ ಸ್ಟಿಕ್ಕರ್ ನಿಲ್ಲಿಸಿ, ಚರ್ಮವೈದ್ಯರಿಗೆ ತೋರಿಸಿ.