ತಿರಕಿಟದ ಗಂಟು ಬಿಡಿಸುವ ಹೊತ್ತು

ಕಳೆದ ವರ್ಷ ಮನೆಯಲ್ಲಿ ಹಿರಿಯರ ಕಾಯಿಲೆಯಿಂದಾಗಿ ಐದು ತಿಂಗಳು ನನ್ನ ತಬಲಾ ಪಾಠ ತಪ್ಪಿತು. ಮತ್ತೆ ಧಾರವಾಡಕ್ಕೆ ಹೋಗಿ ಗುರುಗಳ ಮುಂದೆ ಕೂತಾಗ, ನನ್ನ ಜೊತೆಗೇ ಕಲಿಯಲು ಸೇರಿದ್ದವರು ‘ಧಾ ಧಾ ತಿರಕಿಟ ಧಾ ಧಾ ತೂ ನಾ’ ಎಂಬ ಕಾಯ್ದಾದ (ತಬಲಾ ಬೋಲುಗಳ, ಅಂದರೆ ಪೆಟ್ಟಿನ ಉಚ್ಚಾರಗಳ, ಒಂದು ಮೂಲ ರಚನೆ) ಪಲ್ಟಾಗಳನ್ನು (ಅದರ ಬದಲಾವಣೆಯ ರೂಪಗಳನ್ನು) ಚೌಗುಣದಲ್ಲಿ (ನಾಲ್ಕು ಪಟ್ಟು ವೇಗದಲ್ಲಿ) ಸಲೀಸಾಗಿ ನುಡಿಸುತ್ತಿದ್ದರು; ನನ್ನ ಕೈ ದುಗುಣದಲ್ಲಿಯೇ (ಎರಡು ಪಟ್ಟು ವೇಗದಲ್ಲಿಯೇ) ತಡವರಿಸುತ್ತಿತ್ತು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳುವಾಗ, ಪ್ರತಿ ಭಾನುವಾರ ನಾಲ್ಕು ತಾಸು ಪಟ್ಟಾಗಿ ಕೂತು ಅವರನ್ನು ಸರಿಗಟ್ಟಬೇಕೆಂದು ನಿಶ್ಚಯಿಸಿದೆ. ಮೂರು ಭಾನುವಾರ ಹಾಗೆಯೇ ಮಾಡಿದೆ. ಸಂಜೆಯ ಹೊತ್ತಿಗೆ ಕೈ ಓಡುತ್ತಿತ್ತು. ಬುಧವಾರ ಪಾಠಕ್ಕೆ ಹೋದರೆ ಮತ್ತೆ ಅದೇ ತಡವರಿಕೆ. ಇದು ಹೀಗೇಕೆ ಆಗುತ್ತದೆ ಎಂಬ ಪ್ರಶ್ನೆಯೇ ನನ್ನನ್ನು ಈ ವಿಷಯ ಓದಲು ಹಚ್ಚಿತು.

ಎಲ್ಲಕ್ಕಿಂತ ಹೆಚ್ಚು ಬೆಳಕು ನೀಡಿದ್ದು ಸಂಗೀತಕ್ಕೆ ಸಂಬಂಧವೇ ಇಲ್ಲದ ಒಂದು ಅಧ್ಯಯನ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಬೇಕಾಗಿ ಬಂದಾಗ, ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಮನೋವಿಜ್ಞಾನಿಗಳು ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ತಾಸಿನ ಅಭ್ಯಾಸ. ಮತ್ತೊಂದು ಗುಂಪಿಗೆ ಎರಡೆರಡು ತಾಸಿನ ಎರಡು ಅವಧಿ, ಅಂದರೆ ದಿನಕ್ಕೆ ನಾಲ್ಕು ತಾಸು. ಉಳಿದೆರಡು ಗುಂಪುಗಳಿಗೆ ಇವುಗಳ ನಡುವಿನ ಪ್ರಮಾಣ. 1978ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೀಬೋರ್ಡಿನ ಮೇಲೆ ಕೈ ಕೂರಲು ದಿನಕ್ಕೊಂದು ತಾಸಿನವರಿಗೆ ಒಟ್ಟು ಸುಮಾರು 35 ತಾಸು ಸಾಕಾದರೆ, ನಾಲ್ಕು ತಾಸಿನವರಿಗೆ ಸುಮಾರು 50 ತಾಸು ಬೇಕಾಯಿತು. ಆದರೂ ತಮ್ಮ ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ತೃಪ್ತಿ ಇದ್ದದ್ದು ಆ ಒಂದು ತಾಸಿನ ಗುಂಪಿಗೇ. ದಿನಗಳನ್ನು ಎಣಿಸಿದರೆ ತಾವು ಹಿಂದೆ ಬಿದ್ದಂತೆ ಅವರಿಗೆ ಕಾಣುತ್ತಿತ್ತು. ನನ್ನ ಭಾನುವಾರದ ಸಂಜೆಗಳ ಸಮಾಧಾನ ಎಂಥದ್ದೆಂಬುದು ಇದನ್ನು ಓದಿದಾಗ ನನಗೆ ಮನವರಿಕೆಯಾಯಿತು.

ಸಮಯವನ್ನು ಹಂಚಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಆ ಸಮಯದಲ್ಲಿ ಕೈ ಏನು ಮಾಡುತ್ತಿದೆ ಎಂಬುದೂ ಮುಖ್ಯ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡ್ಯೂಕ್ ಮತ್ತು ಸಂಗಡಿಗರು 17 ಮಂದಿ ಪಿಯಾನೊ ವಿದ್ಯಾರ್ಥಿಗಳಿಗೆ ರಷ್ಯಾದ ಸಂಗೀತ ಸಂಯೋಜಕ ಶೊಸ್ತಕೋವಿಚ್‌ನ ಒಂದು ಸಣ್ಣ ತುಣುಕನ್ನು ಕೊಟ್ಟು, ಎಷ್ಟು ಹೊತ್ತು ಬೇಕಾದರೂ ಅಭ್ಯಾಸ ಮಾಡಲು ಬಿಟ್ಟು, ಮರುದಿನ ನುಡಿಸಲು ಹೇಳಿದರು. ಮರುದಿನ ಚೆನ್ನಾಗಿ ನುಡಿಸಿದವರು ಹೆಚ್ಚು ಹೊತ್ತು ಕೂತವರೂ ಆಗಿರಲಿಲ್ಲ, ಹೆಚ್ಚು ಸಲ ನುಡಿಸಿದವರೂ ಆಗಿರಲಿಲ್ಲ. ತಪ್ಪು ಎಲ್ಲಿ, ಏಕೆ ಆಗುತ್ತಿದೆ ಎಂದು ಕೂಡಲೇ ಗುರುತಿಸಿ, ಆ ಜಾಗವನ್ನಷ್ಟೇ ನಿಧಾನಗತಿಗೆ ಇಳಿಸಿ ನುಡಿಸಿ, ಅದೇ ತಪ್ಪು ಮರುಕಳಿಸದಂತೆ ನೋಡಿಕೊಂಡವರು ಅವರು. 2009ರ ಈ ಅಧ್ಯಯನ ಚಿಕ್ಕದು. ಆದರೆ ಪ್ರತಿ ಗುರುವೂ ಪಾಠದಲ್ಲಿ ಮಾಡಿಸುವುದು ಇದನ್ನೇ ಅಲ್ಲವೇ?

ನನ್ನ ಗುರುಗಳು ಒಂದು ದಿನ ನುಡಿಸುವಿಕೆಯನ್ನು ಅರ್ಧಕ್ಕೇ ನಿಲ್ಲಿಸಿ, “ಧಾ ಆದ ಮ್ಯಾಲ ಕೈ ಯಾಕ ಏಳ್ತದ, ನೋಡ್ಕೋರಿ” ಎಂದರು. ಮನೆಗೆ ಬಂದು ಮೊಬೈಲನ್ನು ತಬಲಾದ ಎದುರಿಗಿಟ್ಟು ವಿಡಿಯೊ ಮಾಡಿ ನೋಡಿದೆ. ತಿರಕಿಟದಲ್ಲಿ ಬಲಗೈಯ ಎರಡು ಪೆಟ್ಟು, ಎಡಗೈಯದೊಂದು, ಮತ್ತೆ ಬಲಗೈಯದೊಂದು. ಇವು ನಾಲ್ಕೂ ಸರಿಯಾಗಿಯೇ ಇದ್ದವು. ತೊಡಕು ಅದಕ್ಕೂ ಮುಂಚೆ ಇತ್ತು. ಕಿನಾರಿನ (ತಬಲಾದ ಅಂಚಿನ) ಮೇಲೆ ‘ಧಾ’ ಬಾರಿಸಿದ ತೋರುಬೆರಳು ಇಡೀ ಕೈಯನ್ನು ಮೇಲಕ್ಕೆ ಎತ್ತಿಕೊಳ್ಳುತ್ತಿತ್ತು, ಹಾಗಾಗಿ ಮಧ್ಯದ ಬೆರಳು ಶಾಯಿಯ (ನಡುವಿನ ಕಪ್ಪು ಭಾಗದ) ಮೇಲೆ ‘ತಿ’ಗೆ ಇಳಿಯುವಷ್ಟರಲ್ಲಿ ತಡವಾಗಿ, ಆ ತಡವನ್ನು ತುಂಬಲು ಮುಂದಿನ ಮೂರೂ ಬೋಲುಗಳು ಗಡಿಬಿಡಿಯಾಗುತ್ತಿದ್ದವು. ನಾಲ್ಕು ತಾಸಿನ ಭಾನುವಾರಗಳಲ್ಲಿ ನಾನು ಈ ಏಳುವ ಕೈಯನ್ನೇ ಸಾವಿರ ಸಲ ರೂಢಿ ಮಾಡಿಕೊಂಡಿದ್ದೆ.

ಅಂದಿನಿಂದ ಬೆಳಿಗ್ಗೆ ಇಪ್ಪತ್ತು ನಿಮಿಷ, ರಾತ್ರಿ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಎಂದು ಗೊತ್ತು ಮಾಡಿಕೊಂಡು, ಅದರಲ್ಲಿ ಮೊದಲ ಹದಿನೈದು ನಿಮಿಷ ಬರೀ ‘ಧಾ ತಿರಕಿಟ’, ಉಳಿದ ಐದು ನಿಮಿಷ ಲೆಹರಾ (ತಾಳದ ಆವರ್ತ ತೋರಿಸುವ, ಮರುಕಳಿಸುವ ಧಾಟಿ) ಹಚ್ಚಿಕೊಂಡು ಹದಿನಾರು ಮಾತ್ರೆಯ ತೀನತಾಲದಲ್ಲಿ ಪೂರ್ಣ ಕಾಯ್ದಾ ನುಡಿಸತೊಡಗಿದೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರು, ಗುರುಗಳು ಒಮ್ಮೆಗೆ ಸ್ವಲ್ಪವೇ ಪಾಠ ಕೊಟ್ಟು ಅದನ್ನೇ ತೀಡಿಸುತ್ತಿದ್ದುದನ್ನು ನೆನೆಯುತ್ತಿದ್ದರು. ನಮ್ಮ ಈ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ಅದು ಹೊಸ ಮಾತಲ್ಲ, ಆದರೂ ನಾನು ಅದನ್ನು ಕೈಯಿಂದ ತಿಳಿಯಲು ಇಷ್ಟು ದಿನ ಬೇಕಾಯಿತು.

ರಾತ್ರಿಯ ನಿದ್ದೆಗೂ ಇದರಲ್ಲಿ ಪಾಲಿದೆ. ಎಡಗೈ ಬೆರಳುಗಳಿಂದ 4-1-3-2-4 ಎಂಬ ಅಂಕಿಗಳ ಸಾಲನ್ನು ಬೇಗಬೇಗ ಒತ್ತುವುದನ್ನು ಕಲಿತವರು ಒಂದು ರಾತ್ರಿ ನಿದ್ದೆ ಮಾಡಿ ಎದ್ದಾಗ ಸುಮಾರು ಶೇ. 20ರಷ್ಟು ವೇಗ ಗಳಿಸಿದ್ದನ್ನು ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು. ಎರಡು ವರ್ಷಗಳ ನಂತರ ಅದೇ ತಂಡ ಇನ್ನೂ ಹತ್ತಿರದಿಂದ ನೋಡಿದಾಗ, ಮಲಗುವ ಮುಂಚೆ ಬೆರಳು ಎಲ್ಲಿ ಹೆಚ್ಚು ತಡವರಿಸುತ್ತಿತ್ತೋ ಆ ಜೋಡಣೆಯಲ್ಲಿಯೇ ಬೆಳಗಿನ ಸುಧಾರಣೆ ಹೆಚ್ಚಾಗಿ ಕಂಡಿತು. ಇದರಲ್ಲಿ ದಣಿವು ಆರಿದ್ದರ ಪರಿಣಾಮವೂ ಬೆರೆತಿದೆ ಎಂದು ಬೇರೆ ಸಂಶೋಧಕರು ವಾದಿಸಿದ್ದಾರೆ, ಆ ವಾದದಲ್ಲಿ ಹುರುಳಿದೆ. ಹಾಗಿದ್ದರೂ ರಾತ್ರಿ ಹತ್ತು ಸಲ ಕೆಟ್ಟ ‘ಧಾ ತಿ’ ಬೆಳಿಗ್ಗೆ ಮೊದಲ ಸಲಕ್ಕೇ ಸರಿಯಾಗಿ ಬಿದ್ದ ದಿನಗಳನ್ನು ನಾನು ಮರೆಯಲಾರೆ.

ಪರಿಣತಿಗೆ ಹತ್ತು ಸಾವಿರ ತಾಸಿನ ಅಭ್ಯಾಸ ಬೇಕೆಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಮನೋವಿಜ್ಞಾನಿ ಆಂಡರ್ಸ್ ಎರಿಕ್‌ಸನ್ 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳಲ್ಲಿ ಕಂಡ ಒಂದು ಸರಾಸರಿ ಅದು, ದಾಟಲೇಬೇಕಾದ ಗಡಿಯಲ್ಲ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಗೀತಗಾರರ ಮಟ್ಟದಲ್ಲಿ ಕಾಣುವ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಶೇ. 21ರಷ್ಟಿತ್ತು. ನನಗೆ ಈ ಅಂಕಿ ನಿರಾಶೆ ತರಲಿಲ್ಲ, ಏಕೆಂದರೆ ಉಳಿದದ್ದೇನೇ ಇರಲಿ, ದಿನಾ ನನ್ನ ಕೈಯಲ್ಲಿರುವ ಪಾಲು ಅದೇ.

ಒಂಬತ್ತನೆಯ ವಾರದಲ್ಲಿ ಉಳಿದವರ ಜೊತೆ ಚೌಗುಣದಲ್ಲಿ ಕಾಯ್ದಾ ನುಡಿಸಿ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದು ನಿಂತೆ. ಗುರುಗಳು ಈ ಸಲ ನನ್ನ ಬಲಗೈಯನ್ನು ನೋಡಲಿಲ್ಲ, ಎಡಗೈಯನ್ನು ನೋಡಿದರು. ಖಾಲಿ (ಡಗ್ಗಾ ಮೌನವಾಗಿರಬೇಕಾದ ಭಾಗ) ಬರುವಲ್ಲಿ ಡಗ್ಗಾದ (ಎಡಗೈಯ ವಾದ್ಯದ) ಗುಂಗು ಪೂರ್ತಿ ನಿಲ್ಲುತ್ತಿಲ್ಲವಂತೆ. ಬೆಳಗಿನ ಹದಿನೈದು ನಿಮಿಷ ಈಗ ಅದಕ್ಕೆ ಮೀಸಲು.