ಹದಿನಾರನೇ ಲೈನಿಗೆ ಕೇಳುವವರಿಲ್ಲ

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆಯ ವೇಬ್ರಿಡ್ಜ್‌ಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದು ನಿಲ್ಲುತ್ತದೆ. ಅಂಥದೊಂದು ಸಂಜೆ ಹರಿಹರ ರಸ್ತೆಯ ಕಡೆಯಿಂದ ಫೋನ್ ಬಂತು. "ಸಾರ್, ಇಂಡಿಕೇಟರ್‌ನಾಗ ತೂಕ ಸರಿ ಐತಿ, ಕಂಪ್ಯೂಟರ್‌ನಾಗ ಅರ್ಧಮರ್ಧ ಬರ್ತೈತಿ. ಕೀಬೋರ್ಡೂ ಎಳೀತೈತಿ. ಆಫ್ ಮಾಡಿ ಆನ್ ಮಾಡಿದ್ರ ಸರಿ ಹೋಗ್ತೈತಿ, ಒಂದು ತಾಸಿಗೆ ಮತ್ತ ಅದೇ ಕತಿ."

ತೂಕ ತೋರಿಸುವ ಪೆಟ್ಟಿಗೆಯಾದ ಇಂಡಿಕೇಟರನ್ನು ಕಂಪ್ಯೂಟರಿಗೆ ಜೋಡಿಸುವ ಸೀರಿಯಲ್ ಕಾರ್ಡಿನ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಪ್ರೋಗ್ರಾಂ, ಬರೆದವನು ನಾನೇ. ಹಾಗಾಗಿ ಬೇರೆಯವರ ಕಡೆ ಬೆರಳು ತೋರಿಸುವಂತಿರಲಿಲ್ಲ.

ಹೋಗಿ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಬರೆದಿಡುವ ಲಾಗ್ ತೆಗೆದರೆ ಎರಡು ಸಾಲು ಕಾದಿದ್ದವು: "ಐಆರ್‌ಕ್ಯೂ 16: ನೋಬಡಿ ಕೇರ್ಡ್", ಅದರ ಕೆಳಗೆ "ಡಿಸೇಬ್ಲಿಂಗ್ ಐಆರ್‌ಕ್ಯೂ 16". ಐಆರ್‌ಕ್ಯೂ ಎಂದರೆ ಇಂಟರಪ್ಟ್ ರಿಕ್ವೆಸ್ಟ್, ಕೈಯಲ್ಲಿರುವ ಕೆಲಸ ಬಿಟ್ಟು ಇತ್ತ ನೋಡು ಎಂದು ಸಾಧನವೊಂದು ಪ್ರೊಸೆಸರಿಗೆ ಕೊಡುವ ಕರೆ. ಲಿನಕ್ಸ್ ಕರ್ನಲ್ ಹೇಳುತ್ತಿದ್ದುದು ಇಷ್ಟು: ಹದಿನಾರನೇ ಲೈನಿನಲ್ಲಿ ಯಾರೋ ಒಂದೇ ಸಮನೆ ಕೂಗುತ್ತಿದ್ದರು, ಯಾರೂ ಓಗೊಡಲಿಲ್ಲ, ಆ ಲೈನನ್ನೇ ಮುಚ್ಚಿದ್ದೇನೆ.

ಓದುವ ಕಾಲದಲ್ಲಿ ನಾನು ವಿನೋಬನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆ. ಐದು ಮನೆ, ಬೀದಿಬಾಗಿಲಿಗೆ ಒಂದೇ ಕರೆಗಂಟೆ. ಗಂಟೆ ಆದರೆ ಐದೂ ಮನೆಯವರು ಇಣುಕಬೇಕು. ಹಾಲಿನವನೋ, ಗ್ಯಾಸಿನವನೋ, ನಮ್ಮ ನೆಂಟರೋ? ನಮಗಲ್ಲ ಅಂದರೆ ಒಳಗೆ ಹೋಗುವುದು. ಕಂಪ್ಯೂಟರಿಗೆ ಕಾರ್ಡುಗಳನ್ನು ಜೋಡಿಸುವ ಹಳೆಯ ಪಿಸಿಐ ಬಸ್ ಥೇಟ್ ಇಂಥದೇ ವಠಾರ. ಸ್ಲಾಟಿಗೆ ಇಂಟರಪ್ಟ್ ತಂತಿ ಇರುವುದು ನಾಲ್ಕೇ, ಅವನ್ನೇ ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕು. ತಂತಿ ಎಳೆದಾಗ ಪ್ರೊಸೆಸರಿಗೆ ಗೊತ್ತಾಗುವುದು "ಹದಿನಾರರಲ್ಲಿ ಯಾರೋ ಇದ್ದಾರೆ" ಎಂಬುದಷ್ಟೆ. ಯಾರು ಎಂದು ಪತ್ತೆ ಹಚ್ಚಲು ಕರ್ನಲ್ ಆ ಲೈನಿಗೆ ಹೆಸರು ಬರೆಸಿದ ಡ್ರೈವರ್‌ಗಳನ್ನು ಒಂದೊಂದಾಗಿ ಕರೆಯುತ್ತದೆ. ಪ್ರತಿ ಡ್ರೈವರೂ ತನ್ನ ಕಾರ್ಡಿನ ಸ್ಟೇಟಸ್ ರಿಜಿಸ್ಟರ್, ಅಂದರೆ ಕಾರ್ಡಿನ ಸ್ಥಿತಿ ಹೇಳುವ ಬಿಟ್ಟುಗಳ ಖಾನೆ, ಓದಿ ಎರಡರಲ್ಲೊಂದು ಉತ್ತರ ಕೊಡಬೇಕು: "ನನ್ನದು, ನೋಡಿಕೊಂಡೆ" ಅಥವಾ "ನನ್ನದಲ್ಲ". ಒಬ್ಬರು ನನ್ನದು ಎಂದ ಮೇಲೂ ಕರ್ನಲ್ ಉಳಿದವರನ್ನು ಕೇಳುತ್ತದೆ, ಬಾಗಿಲಲ್ಲಿ ಒಂದೇ ಹೊತ್ತಿಗೆ ಇಬ್ಬರು ನಿಂತಿರಬಹುದಲ್ಲ.

ಈ ಗಂಟೆಯನ್ನು ಬಾರಿಸುವುದರಲ್ಲೂ ಎರಡು ಬಗೆ. ಒಮ್ಮೆ ಒತ್ತಿ ಬಿಟ್ಟರೆ ಎಡ್ಜ್. ಒಳಗಿನವರು ಬಂದು ಬಾಗಿಲು ತೆಗೆಯುವ ತನಕ ಬೆರಳು ತೆಗೆಯದೆ ಒತ್ತಿ ಹಿಡಿದರೆ ಲೆವೆಲ್. 8085 ಎಂಬ ಹಳೆಯ ಮೈಕ್ರೊಪ್ರೊಸೆಸರಿನ ಕಿಟ್ ಮೇಲೆ ಲ್ಯಾಬ್ ಮಾಡಿದವರಿಗೆ ಅದರ ಇಂಟರಪ್ಟ್ ತಂತಿಗಳು ನೆನಪಿರಬಹುದು: ಆರ್‌ಎಸ್‌ಟಿ 7.5 ಎಡ್ಜ್, 6.5 ಮತ್ತು 5.5 ಲೆವೆಲ್. ನಮಗದು ಎರಡು ಅಂಕದ ಪ್ರಶ್ನೆ. ಬರೆದೆ, ಅಂಕ ಬಂತು, ಮರೆತೆ. ಪಿಸಿಐ ತಂತಿ ಲೆವೆಲ್ ಜಾತಿಯದು. ಕಾರ್ಡಿನ ಒಳಗಿನ ಕಾರಣವನ್ನು ಯಾರಾದರೂ ಅಳಿಸುವವರೆಗೆ ಅದು ತಂತಿ ಬಿಡುವುದಿಲ್ಲ. ಎಲ್ಲ ಡ್ರೈವರ್‌ಗಳೂ "ನನ್ನದಲ್ಲ" ಎಂದು ಹಿಂತಿರುಗಿದ ಮರುಕ್ಷಣವೇ ಪ್ರೊಸೆಸರ್ ಮತ್ತೆ ಅದೇ ಬಾಗಿಲಿಗೆ ಓಡುತ್ತದೆ. ಬೇರೆ ಕೆಲಸಕ್ಕೆ ಉಸಿರೇ ಇರುವುದಿಲ್ಲ.

ಇದನ್ನು ತಡೆಯಲು ಲಿನಕ್ಸ್ ಲೆಕ್ಕ ಇಡುತ್ತದೆ. ಒಂದು ಲೈನಿನಲ್ಲಿ 1,00,000 ಇಂಟರಪ್ಟ್ ಆದಾಗ ತಿರುಗಿ ನೋಡಿ, ಅದರಲ್ಲಿ 99,900ಕ್ಕಿಂತ ಹೆಚ್ಚಿಗೆ ಯಾರೂ ಒಡೆತನ ಹೇಳದಿದ್ದರೆ ಲೈನನ್ನು ಮುಚ್ಚುತ್ತದೆ. ಅಪರೂಪಕ್ಕೆ ಬರುವ ಅನಾಥ ಇಂಟರಪ್ಟಿಗೆ ಮಾಫಿ ಇದೆ: ಹಿಂದಿನ ಅನಾಥಕ್ಕೂ ಇದಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಅಂತರವಿದ್ದರೆ ಎಣಿಕೆ ಮತ್ತೆ ಒಂದರಿಂದ ಶುರು. ಲಕ್ಷ ಎಂದರೆ ಬಹಳ ಹೊತ್ತು ಎಂದುಕೊಳ್ಳಬೇಡಿ. ಒಂದು ಸುತ್ತಿಗೆ ಐದು ಮೈಕ್ರೊಸೆಕೆಂಡ್ ಹಿಡಿದರೂ ಅರ್ಧ ಸೆಕೆಂಡಿನಲ್ಲಿ ಮುಗಿಯಿತು.

ಮುಚ್ಚಿದ ಮೇಲೂ ಕರ್ನಲ್ ಪೂರ್ತಿ ಕೈಬಿಡುವುದಿಲ್ಲ. ಸೆಕೆಂಡಿಗೆ ಹತ್ತು ಸಲ ತಾನಾಗಿಯೇ ಹೋಗಿ ಡ್ರೈವರ್‌ಗಳನ್ನು ವಿಚಾರಿಸಿಕೊಂಡು ಬರುತ್ತದೆ. ನಮ್ಮ ಅರ್ಧಮರ್ಧ ತೂಕದ ಗುಟ್ಟು ಇಲ್ಲಿತ್ತು. ಇಂಡಿಕೇಟರ್ 9600 ಬಾಡ್‌ನಲ್ಲಿ ಕಳಿಸುತ್ತದೆ, ಅಂದರೆ ಸೆಕೆಂಡಿಗೆ 9600 ಬಿಟ್; ಅಕ್ಷರಕ್ಕೆ ಹತ್ತು ಬಿಟ್ ಹಿಡಿದರೆ ಸೆಕೆಂಡಿಗೆ 960 ಅಕ್ಷರ, ಹತ್ತನೇ ಒಂದು ಸೆಕೆಂಡಿಗೆ 96. ಬಂದ ಅಕ್ಷರಗಳು ಸರದಿಯಲ್ಲಿ ಕಾಯುವ ಕಾರ್ಡಿನ ಫಿಫೊದಲ್ಲಿ 16ಕ್ಕಷ್ಟೇ ಜಾಗ. ಪ್ರತಿ ಭೇಟಿಯಲ್ಲಿ 16 ಸಿಕ್ಕವು, 80 ಚೆಲ್ಲಿಹೋದವು. ಕೀಬೋರ್ಡು ಎಳೆಯುತ್ತಿದ್ದುದೂ ಇದರಿಂದಲೇ; ಯುಎಸ್‌ಬಿ ಕಂಟ್ರೋಲರ್ ಅದೇ ಹದಿನಾರನೇ ಲೈನಿನ ಬಾಡಿಗೆದಾರ. ಪಾಪ, ಅದರದೇನೂ ತಪ್ಪಿಲ್ಲ.

ಹಾಗಾದರೆ ಕೂಗಿದ್ದು ಯಾರು? ನಮ್ಮದೇ ಕಾರ್ಡು. ನನ್ನ ಹ್ಯಾಂಡ್ಲರ್, ಅಂದರೆ ಇಂಟರಪ್ಟ್ ಬಂದಾಗ ಕರ್ನಲ್ ಕರೆಯುವ ಡ್ರೈವರಿನ ಭಾಗ, ನಾಲ್ಕು ಬಿಟ್ ನೋಡುತ್ತಿತ್ತು, ನಾಲ್ಕು ಪೋರ್ಟಿಗೆ ನಾಲ್ಕು. ಕಾರ್ಡಿನ ವಿವರಗಳಿರುವ ಡೇಟಾಶೀಟಿನಲ್ಲಿ ಐದನೆಯದೊಂದು ಇತ್ತು: ಫಿಫೊ ತುಂಬಿ ಹರಿದರೆ ಏಳುವ ಬಿಟ್. ರೀಸೆಟ್ ಆದಾಗ ಅದಕ್ಕೆ ಇಂಟರಪ್ಟ್ ಎಬ್ಬಿಸುವ ಅನುಮತಿ ತಾನಾಗಿಯೇ ಆನ್ ಆಗಿರುತ್ತದೆ ಎಂದು ಬರೆದಿದ್ದರು. ನಾನು ಆ ಪುಟ ಓದಿದ್ದೆ. ಹರಿಯುವ ಪ್ರಸಂಗ ಬರುವುದಿಲ್ಲ ಎಂದು ಬಿಟ್ಟಿದ್ದೆ. ಬಂತು. ಕಾರ್ಡು ಐದನೇ ಬಿಟ್ ಎತ್ತಿ ತಂತಿ ಹಿಡಿದು ನಿಂತಿತು, ನನ್ನ ಡ್ರೈವರ್ ನಾಲ್ಕನ್ನು ನೋಡಿ "ನನ್ನದಲ್ಲ" ಎಂದಿತು. ಸ್ವಂತ ಮಗುವನ್ನೇ ಗುರುತಿಸದ ತಾಯಿ.

ಸುಗ್ಗಿಯಲ್ಲೇ ಏಕೆ? 16 ಅಕ್ಷರ ತುಂಬಲು ಸುಮಾರು 17 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಪ್ರೊಸೆಸರ್ ಇಂಟರಪ್ಟಿಗೆ ಕಿವುಡಾಗಿದ್ದರೆ ಮಾತ್ರ ಹರಿಯುವುದು. ಕಿವುಡು ಮಾಡಿದವನೂ ನಾನೇ. ಚೀಟಿ ಹೊಡೆಯುವ ಪ್ರಿಂಟರಿನ ಕೋಡಿನಲ್ಲಿ, ಇಂಟರಪ್ಟ್ ಮುಚ್ಚಿಕೊಂಡು ಪ್ರಿಂಟರಿನ ಉತ್ತರಕ್ಕೆ ಸುಮ್ಮನೆ ಸುತ್ತುತ್ತಾ ಕಾಯುವ ನಾಲ್ಕು ಸಾಲು ಇತ್ತು. ಯಂತ್ರ ಒಂದೇ ಕೋರಿನ ಹಳೇ ಪಿಸಿ, ಓಗೊಡಲು ಇನ್ನೊಂದು ಕೋರ್ ಇಲ್ಲ. ಬಿಡುವಿನ ದಿನಗಳಲ್ಲಿ ಒಂದು ಗಾಡಿ ಇಳಿದು, ಚೀಟಿ ಬಂದು, ಆಮೇಲೆ ಇನ್ನೊಂದು ಹತ್ತುತ್ತಿತ್ತು. ಸುಗ್ಗಿಯಲ್ಲಿ ಗಾಡಿ ತೂಗುವ ಎರಡೂ ಪ್ಲಾಟ್‌ಫಾರ್ಮ್ ಒಟ್ಟಿಗೆ ನಡೆದವು; ಒಂದರ ಚೀಟಿ ಅಚ್ಚಾಗುವಾಗ ಇನ್ನೊಂದರ ತೂಕ ಬರುತ್ತಿತ್ತು.

ನನ್ನ ಜೊತೆ ಬಂದಿದ್ದ ಹುಡುಗ ಚುರುಕು. ಅವನು ಕೇಳಿದ: "ಸರ್, ಹ್ಯಾಂಡ್ಲರ್ ಏನೇ ಬಂದ್ರೂ 'ನೋಡಿಕೊಂಡೆ' ಅಂತ ಹೇಳಿಬಿಟ್ರೆ ಆ ಮೆಸೇಜೇ ಬರಲ್ವಲ್ಲ?" ಬರುವುದಿಲ್ಲ, ನಿಜ. ಇಂಥ ಡ್ರೈವರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಮಾರಾಟಕ್ಕಿದ್ದ ಕಾರ್ಡುಗಳ ಜೊತೆಗೇ ಬಂದವನ್ನೂ. ಆದರೆ ಕರ್ನಲ್ ಲೆಕ್ಕ ಇಡುವುದು ಆ ಉತ್ತರದ ಮೇಲೆಯೇ. ಸುಳ್ಳು ಹೇಳಿದರೆ ಇಂಟರಪ್ಟುಗಳ ಬಿರುಗಾಳಿ ನಿಲ್ಲುವುದಿಲ್ಲ, ಕಾವಲುಗಾರ ನಿದ್ದೆ ಹೋಗುತ್ತಾನೆ. ಆಗ ಈ ಒಂದೇ ಕೋರಿನ ಯಂತ್ರ ಲಾಗಿನಲ್ಲಿ ಒಂದು ಅಕ್ಷರವನ್ನೂ ಬಿಡದೆ ಕಲ್ಲಾಗಿ ಕೂರುತ್ತಿತ್ತು, ನಾವು ಪವರ್ ಸಪ್ಲೈ, ರ್‍ಯಾಮ್ ಎಂದು ಒಂದು ವಾರ ಅಲೆಯುತ್ತಿದ್ದೆವು. ಆ ಮೆಸೇಜಿನಲ್ಲೇ ಸೂಚಿಸುವ, ಎಲ್ಲ ಹ್ಯಾಂಡ್ಲರುಗಳನ್ನೂ ಆಗಾಗ ವಿಚಾರಿಸುವ ಐಆರ್‌ಕ್ಯೂಪೋಲ್ ಎಂಬ ಬೂಟ್ ಆಯ್ಕೆಯೂ ರಾತ್ರಿ ಕಳೆಯಲು ಸರಿ, ಸಂಸಾರಕ್ಕಲ್ಲ.

ಸರಿಪಡಿಸಿದ್ದು ಹೀಗೆ. ಡ್ರೈವರ್ ಏಳುವಾಗ ಮೊದಲು ಕಾರ್ಡಿನ ಎಲ್ಲ ಮೂಲಗಳ ಬಾಯಿ ಮುಚ್ಚಿಸಿ, ಹಳೆಯ ಬಾಕಿ ಅಳಿಸಿ, ಆಮೇಲೆ ಲೈನಿಗೆ ಹೆಸರು ಬರೆಸುವುದು. ನಾನು ಮೊದಲು ಹೆಸರು ಬರೆಸಿ ಆಮೇಲೆ ಗುಡಿಸುತ್ತಿದ್ದೆ. ಹ್ಯಾಂಡ್ಲರಿನಲ್ಲಿ ಐದೂ ಬಿಟ್ ಓದಿ, ಎದ್ದಿದ್ದನ್ನು ಅಲ್ಲೇ ಅಳಿಸಿ, ಅಳಿಸಿದ ರಿಜಿಸ್ಟರನ್ನು ಇನ್ನೊಮ್ಮೆ ಓದುವುದು. ಈ ಕೊನೆಯ ಓದು ದಂಡ ಎನಿಸುತ್ತದೆ, ಆದರೆ ದಂಡವಲ್ಲ. ಪಿಸಿಐನಲ್ಲಿ ಬರಹ ದಾರಿಯಲ್ಲಿ ತಂಗಬಹುದು; ಅಳಿಸು ಎಂಬ ಆಜ್ಞೆ ಕಾರ್ಡು ಮುಟ್ಟುವ ಮೊದಲೇ ಹ್ಯಾಂಡ್ಲರ್ ಮುಗಿದರೆ ಇನ್ನೊಂದು ಅನಾಥ ಇಂಟರಪ್ಟ್ ಹುಟ್ಟುತ್ತದೆ. ಓದಿದರೆ ಹಿಂದಿನ ಬರಹವೆಲ್ಲ ತಲುಪಲೇಬೇಕು. ಪ್ರಿಂಟರಿನ ಕಾಯುವಿಕೆಯನ್ನು ಇಂಟರಪ್ಟ್ ತೆರೆದಿಟ್ಟು ನಿದ್ರಿಸಬಲ್ಲ ಕರ್ನಲ್ ಥ್ರೆಡ್ಡಿಗೆ ಹಾಕಿದೆ. ಈಗಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳಲ್ಲಿ, ತಂತಿಯ ಬದಲು ಸಂದೇಶವಾಗಿ ಇಂಟರಪ್ಟ್ ಕಳಿಸುವ ಎಂಎಸ್‌ಐ ಬಳಸಿದರೆ ವಠಾರದ ಜಗಳವೇ ಇಲ್ಲ, ಪ್ರತಿ ಸಾಧನವೂ ತನ್ನದೇ ಸಂದೇಶ ಬರೆಯುತ್ತದೆ. ಆದರೆ ವೇಬ್ರಿಡ್ಜ್ ಮಾಲೀಕರು ಓಡುತ್ತಿರುವ ಪಿಸಿಯನ್ನು ಬದಲಿಸುವುದಿಲ್ಲ, ಅವರದು ತಪ್ಪೂ ಅಲ್ಲ.

ಡ್ರೈವರಿನಲ್ಲಿ ಒಂದು ಎಣಿಕೆ ಇಟ್ಟು ಬಂದೆ, ಫಿಫೊ ಎಷ್ಟು ಸಲ ಹರಿಯಿತು ಎಂದು. ಸುಗ್ಗಿ ಮುಗಿದ ಮೇಲೆ ಹೋಗಿ ನೋಡಿದರೆ ಮೂರು. ಮಾಲೀಕರು ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದರು. ಮೂರು ಎಂದು ಕೇಳಿದ್ದೇ ಕೈ ನಿಲ್ಲಿಸಿದರು.

"ಮೂರು ಗಾಡಿ ತೂಕ ತಪ್ಪೈತೇನ್ರಿ ಹಂಗಾರ?"

"ಇಲ್ರೀ. ಹರಿದ ಸಾಲು ಬಿಟ್ಟು, ಇಂಡಿಕೇಟರ್ ಕಳಿಸೋ ಮುಂದಿನ ಸಾಲು ತಗಂತೈತಿ."

"ಮತ್ತ ಆ ಮೂರು ಯಾಕ ಬಂತು?"

ಕಂಪ್ಯೂಟರನ್ನು ಈ ಕಡೆ ತಿರುಗಿಸಿಕೊಂಡು ಮತ್ತೆ ಲಾಗ್ ತೆಗೆದೆ.